ಮನೆಯರ್ಧ

ಅವ್ವ ಸತ್ತಳು. ಮನೆಯರ್ಧ ಮನೆಯಲ್ಲಿರಲಿಲ್ಲ.

ಸತ್ತದ್ದು ಬೆಳಗ್ಗೆ. ಮಗಳು ಕೆಲಸಕ್ಕೆ ಹೊರಡುವ ಮುಂಚೆ ಎಂದಿನಂತೆ ಬಾಯಿಗೆ ನೀರು ಬಿಟ್ಟಳು. ನೀರು ಒಳಗೆ ಹೋಗದೆ ಕೆನ್ನೆಯ ಮೇಲೆ ಹರಿದು ದಿಂಬಿಗಿಳಿಯಿತು. ಅಂಗೈಯಿಂದ ಒರೆಸಿ ಮತ್ತೆ ಬಿಟ್ಟಳು. ಮತ್ತೆ ಹರಿಯಿತು. ಚಮಚ ಕೆಳಗಿಟ್ಟು ಅವ್ವನ ಪಕ್ಕದಲ್ಲೇ ಕೂತುಬಿಟ್ಟಳು. ಅಳು ಬರಲಿಲ್ಲ. ಮೊದಲು ಬಂದದ್ದು ಭಯ. ಈಗ ಅದನ್ನು ಎಲ್ಲಿಂದ ತರಲಿ?

ಈ ಮಗಳನ್ನು ಲಾಂಡ್ರಿಯಲ್ಲಿ ಎಲ್ಲರೂ ಇಸ್ತ್ರಿಯಕ್ಕ ಅನ್ನುತ್ತಾರೆ. ದೊಡ್ಡ ಹೋಟೆಲುಗಳ ಚಾದರ, ದಿಂಬಿನ ಚೀಲ, ಟವೆಲು ಬರುವ ಲಾಂಡ್ರಿ ಅದು. ಕಾದ ಉರುಳೆಗಳ ನಡುವೆ ಒದ್ದೆ ಚಾದರ ತೂರಿಸುವುದು ಅವಳ ಕೆಲಸ. ಮೊಣಕೈವರೆಗೆ ಹಳೆಯ ಸುಟ್ಟ ಗಾಯ, ಅದರ ಮೇಲೆ ಹೊಸ ಸುಟ್ಟ ಗಾಯ. ಗಂಡ ಇದ್ದ, ಹೋದ. ಸತ್ತಿಲ್ಲ, ಹೋದ ಅಷ್ಟೇ. ಮಕ್ಕಳಿಲ್ಲ. ಇದ್ದವಳೊಬ್ಬಳು ಅವ್ವ.

ಗಲ್ಲಿಯ ಆಚೆ ತುದಿಯಿಂದ ದೊಡ್ಡವ್ವ ಬಂದಳು. ಅವ್ವನ ಒಡಹುಟ್ಟಿದ ಅಕ್ಕ. ತಂಗಿಯ ಕಣ್ಣು ಮುಚ್ಚಿದಳು, ದವಡೆ ಕಟ್ಟಿದಳು, ಕಾಲಿನ ಹೆಬ್ಬೆರಳು ಜೋಡಿಸಿದಳು. ಎಲ್ಲ ಮುಗಿಸಿ ಆಡಿದ ಮೊದಲ ಮಾತು ಇದು: "ಕುಳ್ಳನದ್ದು ತಗೊಂಡ್ ಬಾ."

"ಅದು ಇಲ್ಲೆಲ್ಲಿದೆ ದೊಡ್ಡವ್ವ?"

"ಎಲ್ಲಿದ್ಯೋ ಅಲ್ಲಿಂದ ತಗೊಂಡ್ ಬಾ. ಬರಿಗೈಲಿ ಹೋದ್ರೆ ಮಗ ಇವಳನ್ನ ಗುರುತು ಹಿಡೀತಾನಾ? ನೀನು ಹೋಗು. ನಾವು ಅಷ್ಟರಲ್ಲಿ ಇವಳ ಬಟ್ಟೆಗೆ ಮಗ್ಗದಲ್ಲಿ ಹಾಸು ಕಟ್ತೀವಿ."

ಇವರು ಬೆಟ್ಟದ ಜನ. ಬೆಟ್ಟ ಈಗಿಲ್ಲ. ಬೆಟ್ಟ ಹೇಗೆ ಇಲ್ಲವಾಗುತ್ತದೆ ಅಂತ ಕೇಳಬೇಡಿ. ಲಾರಿ ಮೇಲೆ ಲಾರಿ ತುಂಬಿದರೆ ಎಂಥ ಬೆಟ್ಟವೂ ಮುಗಿಯುತ್ತದೆ. ಊರಿನ ಅಂಚಿಗೆ ಬಂದು ಬಿದ್ದ ಮೇಲೆ ಇವರ ಹತ್ತಿರ ಉಳಿದದ್ದು ಅರ್ಧಂಬರ್ಧ ಭಾಷೆ, ನಾಲ್ಕು ಹಾಡು. ಪೂರ್ತಿಯಾಗಿ ಉಳಿದದ್ದು ಮಣ್ಣುಬಟ್ಟೆ ಒಂದೇ.

ಯಾರಾದರೂ ಸತ್ತರೆ ಮನೆಯ ಹೆಂಗಸರು ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ತಮ್ಮ ಸೊಂಟಕ್ಕೆ ಕಟ್ಟಿ ಕೂರುತ್ತಾರೆ. ಬಟ್ಟೆ ಒಂದು ಗೇಣು ಅಗಲ, ಸತ್ತವರಷ್ಟು ಉದ್ದ. ಬಣ್ಣ ಬಿಳಿ. ನಡುವೆ ಉದ್ದಕ್ಕೂ ಒಂದೇ ಒಂದು ಕೆಂಪು ಗೆರೆ. ಆ ಗೆರೆ ಸತ್ತವರ ನಡಿಗೆ. ನೆಟ್ಟಗೆ ನಡೆದವರಿಗೆ ನೆಟ್ಟನೆ ಗೆರೆ, ಕುಡಿದು ತೂರಾಡಿದವರಿಗೆ ತೂರಾಡುವ ಗೆರೆ. ಸತ್ತ ಮೇಲೆ ಎಲ್ಲರನ್ನೂ ದೇವರು ಮಾಡುವ ಪದ್ಧತಿ ಈ ಜನರಲ್ಲಿಲ್ಲ. ನೇಯ್ದು ಮುಗಿದಾಗ ಸತ್ತವರಿಗೆ ಎಲ್ಲರಿಗಿಂತ ಹತ್ತಿರದವರು ಕತ್ತಿ ಹಿಡಿದು ಬಟ್ಟೆಯನ್ನು ನಡುವಿಗೆ ಅಡ್ಡಲಾಗಿ ಕತ್ತರಿಸಬೇಕು. ಒಂದರ್ಧ ಹೆಣದ ಎದೆಯ ಮೇಲಿಟ್ಟು ಮಣ್ಣಿಗೆ. ಅದು ಮಣ್ಣಿನರ್ಧ. ಇನ್ನೊಂದರ್ಧ ಕತ್ತರಿಸಿದವರ ಹತ್ತಿರ. ಅದು ಮನೆಯರ್ಧ. ಕತ್ತರಿಸಿದವರು ಸತ್ತ ದಿನ ಅದೂ ಅವರ ಜೊತೆ ಹೋಗುತ್ತದೆ. ಆ ಕಡೆ ಇಬ್ಬರೂ ಎದುರಾದಾಗ ಗೆರೆಗೆ ಗೆರೆ ಕೂಡಿಸಿ ನೋಡುತ್ತಾರೆ. ಸಾವಿನಲ್ಲಿ ಮುಖ ಅಳಿಸಿಹೋಗುತ್ತದಂತೆ, ಗೆರೆ ಮಾತ್ರ ಅಳಿಸುವುದಿಲ್ಲವಂತೆ. ಗೆರೆ ಕೂಡಿದರೆ ನೀನು ನನ್ನವಳು, ನಾನು ನಿನ್ನವನು. ಕೂಡದಿದ್ದರೆ ಯಾರೋ ಏನೋ, ದಾರಿ ಬಿಡಿ.

ಕುಳ್ಳ ಅಂದರೆ ಇಸ್ತ್ರಿಯಕ್ಕನ ತಮ್ಮ. ಆರು ವರ್ಷಕ್ಕೆ ಜ್ವರ ಬಂದು, ಆಸ್ಪತ್ರೆಯ ವರಾಂಡದಲ್ಲಿ ಸರದಿ ಬರುವ ಮುಂಚೆ ಸತ್ತ. ಸರದಿ ಬಂದಾಗ ಕರೆದರು. ಅವ್ವ ಹೆಣ ಎತ್ತಿಕೊಂಡು ಒಳಗೆ ಹೋದಳು, ಕರೆದರಲ್ಲ ಅಂತ. ಅವನು ಬದುಕಿದ್ದಾಗ ನಡೆದವನೇ ಅಲ್ಲ, ಓಡಿದ್ದೇ. ಅದೂ ನೆಟ್ಟಗೆ ಅಲ್ಲ. ಆ ಗೋಡೆಗೆ ಹೋಗಿ ಬಡಿದು, ಈ ಗೋಡೆಗೆ ಬಂದು. ಹಾಗಾಗಿ ಅವನ ಗೆರೆಯನ್ನು ಅವ್ವ ಅಡ್ಡಾದಿಡ್ಡಿ ನೇಯ್ದಳು. ನೇಯುತ್ತಾ, "ನೋಡು ಈ ಕಪೀನ, ಇಲ್ಲೂ ನಿಲ್ಲೋದಿಲ್ಲ" ಅಂತ ಬೈದಳು, ನಕ್ಕಳು, ಆಮೇಲೆ ನೆಲಕ್ಕೆ ತಲೆ ಚಚ್ಚಿಕೊಂಡಳು. ಅವನು ಕುಳ್ಳ, ಅವನ ಬಟ್ಟೆಯೂ ಕುಳ್ಳ. ಕತ್ತರಿಸಿದ ಮೇಲೆ ಅವ್ವನ ಕೈಗೆ ಉಳಿದದ್ದು ಮೊಳದಷ್ಟು. ಅಂಚಿನ ಎಳೆಗಳು ಜೋತಾಡುತ್ತಿದ್ದವು. ಆ ಅಂಚನ್ನು ಹೊಲಿಯುವ ಹಾಗಿಲ್ಲ.

ಆ ಮೊಳದಷ್ಟು ಬಟ್ಟೆಯನ್ನು ಅವ್ವ ಕೊಟ್ಟದ್ದು ದಾರದ ಮೇಡಂಗೆ. ಹೆಸರಿಟ್ಟದ್ದು ಗಲ್ಲಿಯವರು, ಅವರ ನಿಜವಾದ ಹೆಸರು ಉದ್ದವಿತ್ತು, ಹಿಂದೆ ಮುಂದೆ ಪದವಿಗಳಿದ್ದವು. ಮ್ಯೂಸಿಯಂನಿಂದ ಬಂದಿದ್ದರು. ಒಳ್ಳೆಯವರು. ಇದನ್ನು ಹೇಳಲೇಬೇಕು, ಯಾಕೆಂದರೆ ಕೆಟ್ಟವರಾಗಿದ್ದರೆ ಅವ್ವ ಬಾಗಿಲೇ ತೆಗೆಯುತ್ತಿರಲಿಲ್ಲ. ಬೆಟ್ಟ ತೆಗೆದುಕೊಂಡು ಹೋದವರನ್ನು ನೋಡಿದ ಜನಕ್ಕೆ ಕೆಟ್ಟವರನ್ನು ಗುರುತಿಸುವುದು ಬರುತ್ತದೆ. ಒಳ್ಳೆಯವರಿಂದ ಕಾಪಾಡಿಕೊಳ್ಳುವುದು ಬರುವುದಿಲ್ಲ.

ಮೇಡಂ ನೆಲದ ಮೇಲೆ ಕೂತರು. ಕೊಟ್ಟದ್ದು ತಿಂದರು. ಕುಳ್ಳನ ವಿಷಯ ಹೇಳುವಾಗ ಅವ್ವನ ಜೊತೆ ಅತ್ತರು. ಮತ್ತೆ ಮತ್ತೆ ಬಂದರು. ಕೊನೆಗೊಂದು ದಿನ, "ಇದನ್ನ ನಾಲ್ಕು ಜನ ನೋಡ್ಬೇಕು ಅವ್ವ. ನಿಮ್ಮ ಕುಳ್ಳನ್ನ ಎಲ್ಲರೂ ನೋಡ್ಲಿ. ಪ್ರದರ್ಶನ ಮುಗಿದ ತಕ್ಷಣ ನಾನೇ ತಂದುಕೊಡ್ತೀನಿ" ಅಂದರು.

ಅವ್ವ ಒಪ್ಪಿದಳು. ಬಟ್ಟೆಯ ಕತ್ತರಿಸಿದ ಅಂಚಿನಿಂದ ಒಂದು ಕೆಂಪು ಎಳೆ ಎಳೆದು ಮೇಡಂ ಮಣಿಕಟ್ಟಿಗೆ ಕಟ್ಟಿದಳು. ಈ ಜನರಲ್ಲಿ ಕಾಗದವಿಲ್ಲ, ಸಾಕ್ಷಿಯಿಲ್ಲ. ದಾರ ಕಟ್ಟಿಸಿಕೊಂಡವರು ಆ ವಸ್ತುವನ್ನು ವಾಪಸ್ಸು ಕೊಡುವವರೆಗೆ ದಾರ ಬಿಚ್ಚುವಂತಿಲ್ಲ. ಬಿಚ್ಚಿದವರನ್ನು ಯಾರೂ ಕಂಡಿಲ್ಲ. ಮೇಡಂಗೆ ಅದು ಗೊತ್ತಿರಲಿಲ್ಲ. ಅವ್ವ ಹೇಳಲೂ ಇಲ್ಲ. ಉಸಿರಾಡುವುದು ಹೇಗೆ ಅಂತ ಯಾರಾದರೂ ಯಾರಿಗಾದರೂ ಹೇಳುತ್ತಾರಾ? ಮೇಡಂ ಕೈ ಎತ್ತಿ ದಾರ ನೋಡಿಕೊಂಡರು. ಕಣ್ಣು ತುಂಬಿ ಬಂತು. ಅವ್ವನನ್ನು ತಬ್ಬಿಕೊಂಡರು.

"ಬರೆಸ್ಕೊಂಡ್ಯಾ?" ಅಂತ ದೊಡ್ಡವ್ವ ಕೇಳಿದಳು.

"ದಾರ ಕಟ್ಟಿದೀನಲ್ಲ."

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ."

"ದಾರ ಕಟ್ಟಿದೀನಕ್ಕ" ಅಂದಳು ಅವ್ವ. ಅಷ್ಟೇ. ಅವಳಿಗೆ ಅನುಮಾನವೇ ಬರಲಿಲ್ಲ.

ಮೇಡಂ ಮತ್ತೆ ಬರಲಿಲ್ಲ. ಅವ್ವನ ಕಣ್ಣು ಮಂಜಾಯಿತು, ಆಮೇಲೆ ಪೂರ್ತಿ ಹೋಯಿತು. ಕಣ್ಣು ಹೋದ ಮೇಲೆ ಮನೆಗೆ ಯಾವ ಹೆಂಗಸು ಬಂದರೂ ಅವಳು ಮೊದಲು ಮಣಿಕಟ್ಟು ಹಿಡಿದು ನೋಡುವಳು. ಲಸಿಕೆ ಹಾಕಲು ಬಂದ ನರ್ಸು, ಮತ ಕೇಳಲು ಬಂದವಳು, ಪಕ್ಕದ ಮನೆಯ ಸೊಸೆ, ಎಲ್ಲರ ಕೈ ಹಿಡಿದು ಬೆರಳಿನಿಂದ ಸವರಿ, "ಇವರಲ್ಲ" ಅಂತ ಬಿಟ್ಟುಬಿಡುವಳು. ಮುದುಕಿಗೆ ಬಳೆ ಮೇಲೆ ಕಣ್ಣು ಅಂತ ಆಡಿಕೊಂಡವರೂ ಇದ್ದರು.

ಕುಳ್ಳನಿಗೆ ಏನಾಗಿದೆ ಅಂತ ಇಸ್ತ್ರಿಯಕ್ಕನಿಗೆ ಗೊತ್ತಾದದ್ದು ಉರುಳೆಯ ಮುಂದೆ. ಒಂದು ದಿನ ದೊಡ್ಡ ಹೋಟೆಲಿನಿಂದ ಹೊಸ ಚಾದರಗಳು ಬಂದವು. ಬಿಳಿ ಚಾದರ. ಮೇಲೆ ಕೆಂಪು ಗೆರೆ. ಅಡ್ಡಾದಿಡ್ಡಿ ಓಡಿ, ಒಂದು ಕಡೆ ಕಡಿದುಹೋಗಿ, ಮತ್ತೆ ಶುರುವಾಗಿ, ಮತ್ತೆ ಕಡಿದುಹೋಗಿ. ಕತ್ತರಿಸಿದ ಅಂಚಿನ ಜೋತಾಡುವ ಎಳೆಗಳನ್ನೂ ಬಿಡದೆ ಅಚ್ಚು ಹಾಕಿದ್ದರು. ಅವ್ವ ಕತ್ತಿ ಹಿಡಿದು ಒಂದು ಸಲ ಕತ್ತರಿಸಿದ್ದಳು. ಇಲ್ಲಿ ಒಂದೊಂದು ಚಾದರದಲ್ಲೂ ಸಾಲು ಸಾಲಾಗಿ ಕುಳ್ಳ ಸಾಯುತ್ತಿದ್ದ. ಇಸ್ತ್ರಿಯಕ್ಕನ ಕೈ ಉರುಳೆಯ ತುಟಿಗೆ ತಾಗಿತು. ಚರ್ಮ ಎದ್ದು ಬಂತು.

ಮೇಸ್ತ್ರಿ ಓಡಿ ಬಂದ. "ಏನಕ್ಕಾ, ದೆವ್ವ ಕಂಡವರ ಹಾಗೆ ನಿಂತಿದೀಯಾ?"

"ಈ ಚಾದರ ಎಲ್ಲಿಂದ ಬಂತಣ್ಣ?"

"ಅದೇನೋ ಕಂಪನಿ. ಮ್ಯೂಸಿಯಂ ಜೊತೆ ಸೇರಿ ಮಾಡಿದ್ದಂತೆ. ಬುಡಕಟ್ಟು ಡಿಸೈನು, ಬಾಳಾ ದುಬಾರಿ. ಸುಟ್ಟುಗಿಟ್ಟೀಯ, ನೋಡ್ಕೊಂಡು."

ಅವನು ನೋಡಿಕೊಂಡು ಅಂದದ್ದು ಚಾದರವನ್ನು. ಅವಳು ಕೈಗೆ ತಣ್ಣೀರು ಹಾಕಿಕೊಂಡು ಬಂದು ಮತ್ತೆ ನಿಂತಳು. ಹೊಟ್ಟೆ ಕೇಳಬೇಕಲ್ಲ. ಅವತ್ತಿನಿಂದ ದಿನವೂ ತೂರಿಸಿದಳು. ಅವುಗಳ ಮೇಲೆ ಹೆಂಡ ಚೆಲ್ಲಿದ ಕಲೆ, ತುಟಿಯ ಬಣ್ಣ, ಯಾರ್ಯಾರದೋ ಬೆವರು. ಕುಳ್ಳನ ಮೇಲೆ ಕಂಡಕಂಡವರು ಮಲಗಿ ಏಳುತ್ತಿದ್ದರು. ಮನೆಗೆ ಬಂದರೆ ಅವ್ವ ಕೇಳುವಳು, "ದಾರದ ಮೇಡಂ ಬಂದ್ರಾ? ನಾನು ಮಲಗಿದ್ದಾಗ ಏನಾದ್ರೂ ಬಂದು ಹೋದ್ರಾ?" ಮ್ಯೂಸಿಯಂಗೆ ಹೋಗಿ ಕೇಳುವ ಧೈರ್ಯ ಬಾರದ ಇವಳು, "ಬರ್ತಾರಂತೆ ಅವ್ವ, ಹೇಳಿ ಕಳಿಸಿದಾರೆ" ಅನ್ನುವಳು. ಆ ಸುಳ್ಳಿನ ಮೇಲೆ ಅವ್ವ ಎಷ್ಟೋ ಕಾಲ ಬದುಕಿದಳು.

ಈಗ ಅವ್ವ ಹೋದಳು. ಇಸ್ತ್ರಿಯಕ್ಕ ಕೆಲಸದ ಬಟ್ಟೆಯಲ್ಲೇ ಬಸ್ಸು ಹತ್ತಿದಳು.

ಮ್ಯೂಸಿಯಂ ಬಾಗಿಲಲ್ಲಿ ವಾಚ್‌ಮನ್ ತಡೆದ. "ಟಿಕೆಟ್ ತಗೊಂಡ್ಯೇನಮ್ಮ?"

"ನಾನು ನಮ್ಮ ಹುಡುಗನ್ನ ಕರ್ಕೊಂಡು ಹೋಗೋಕೆ ಬಂದಿದೀನಿ."

"ಹುಡುಗ ಒಳಗೆ ಕಳೆದುಹೋಗಿದಾನಾ?"

"ಹೂಂ."

"ಆದ್ರೂ ಟಿಕೆಟ್ ತಗೋಬೇಕು."

ತಗೊಂಡಳು. ಒಳಗೆ ತಂಪು. ನೆಲ ಎಷ್ಟು ನುಣುಪು ಅಂದರೆ ಅವಳ ಚಪ್ಪಲಿ ಒಂದೊಂದು ಹೆಜ್ಜೆಗೂ ಕಿರುಚುತ್ತಿತ್ತು. ಶಾಲೆಯ ಮಕ್ಕಳ ಸಾಲೊಂದು ಅವಳನ್ನು ನೋಡಿ ನಕ್ಕು ಮುಂದೆ ಹೋಯಿತು. ಮೂರನೆಯ ಕೋಣೆಯಲ್ಲಿ, ಕಪ್ಪು ಬಟ್ಟೆಯ ಮೇಲೆ, ಗಾಜಿನ ಹಿಂದೆ, ಮೇಲಿನಿಂದ ಬೀಳುವ ಬೆಳಕಿನಲ್ಲಿ ಕುಳ್ಳ ಒಬ್ಬನೇ ಇದ್ದ.

ಅವಳು ಹತ್ತಿರ ಹೋಗಿ, ಕೆಳಗೆ ಬರೆದದ್ದನ್ನು ಅಕ್ಷರ ಕೂಡಿಸಿ ಓದಿದಳು. "ಮನೆಯರ್ಧ. ತಾಯಿಯೊಬ್ಬಳು ತೀರಿಕೊಂಡ ಮಗನಿಗಾಗಿ ನೇಯ್ದದ್ದು. ತಾಯಿ ಸತ್ತಾಗ ಇದು ಅವಳೊಂದಿಗೆ ಮಣ್ಣಿಗೆ ಹೋಗಬೇಕು; ಆಗ ಮಾತ್ರ ಮಗ ಅವಳನ್ನು ಗುರುತಿಸುತ್ತಾನೆಂಬುದು ಈ ಜನರ ನಂಬಿಕೆ." ಒಂದಕ್ಷರ ತಪ್ಪಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಅವಳು ಅಂದುಕೊಂಡಿದ್ದಳು, ಪಾಪ ಗೊತ್ತಿಲ್ಲದೆ ಇಟ್ಟುಕೊಂಡಿರುತ್ತಾರೆ, ತಿಳಿಸಿ ಹೇಳಿದರೆ ಕೊಟ್ಟುಬಿಡುತ್ತಾರೆ ಅಂತ. ಗೊತ್ತಿಲ್ಲದವರಿಗೆ ಹೇಳಬಹುದು. ಗೊತ್ತಿದ್ದೂ, ಅಂದವಾಗಿ ಬರೆದು, ಮೇಲೆ ದೀಪ ಹಾಕಿಟ್ಟವರಿಗೆ ಏನಂತ ಹೇಳುವುದು?

ಯಾರೋ ಹೋಗಿ ತಿಳಿಸಿದರು. ದಾರದ ಮೇಡಂ ಬಂದರು. ಕೂದಲು ಬೆಳ್ಳಗಾಗಿತ್ತು. ಈಗ ಇಡೀ ಮ್ಯೂಸಿಯಂಗೆ ಅವರೇ ಮೇಲಿನವರು. ಇವಳನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ಅಯ್ಯೋ ನೀವಾ! ಅವ್ವ ಹೇಗಿದಾರೆ?"

"ಹೋದ್ರು. ಬೆಳಗ್ಗೆ."

ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು. ಅದು ನಾಟಕವಲ್ಲ. ನಾಟಕವಾಗಿದ್ದರೆ ಇಸ್ತ್ರಿಯಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಕುಳ್ಳನದ್ದು ಕೊಡಿ ಮೇಡಂ. ನಾಳೆ ಮಣ್ಣು ಮಾಡ್ಬೇಕು."

"ಅದನ್ನ..." ಮೇಡಂ ಗಾಜಿನ ಕಡೆ ನೋಡಿದರು. "ಅದನ್ನ ಹಾಗೆ ತೆಗೆದುಕೊಡೋ ಹಾಗಿಲ್ಲ. ಅದು ಈಗ ನನ್ನದೂ ಅಲ್ಲ. ಜನರ ಆಸ್ತಿ."

"ಜನ ಅಂದ್ರೆ ಯಾರು?"

"ಎಲ್ಲರೂ. ನೀವೂ ಸೇರಿ."

"ಹಾಗಾದ್ರೆ ನನ್ನ ಪಾಲು ಕೊಡಿ. ಅವ್ವಂಗೆ ಬೇಕು."

"ಅವ್ವನೇ ಪ್ರೀತಿಯಿಂದ ಕೊಟ್ರಲ್ಲ. ಅವತ್ತು ನೀವೂ ಇದ್ರಿ."

"ಕೊಟ್ಟಿದ್ದಲ್ಲ, ದಾರ ಕಟ್ಟಿ ಕಳಿಸಿದ್ದು. ದಾರ ಎಲ್ಲಿ?"

ಮೇಡಂ ಮಣಿಕಟ್ಟಿನಲ್ಲಿ ಗಡಿಯಾರವಿತ್ತು. ಅವರು ಪಕ್ಕಕ್ಕೆ ಸರಿದು ತೋರಿಸಿದರು. ದೊಡ್ಡ ಗಾಜಿನ ಬದಿಯಲ್ಲೊಂದು ಪುಟ್ಟ ಗಾಜಿನ ಡಬ್ಬಿ. ಒಳಗೆ ಸುರುಳಿ ಸುತ್ತಿದ ಕೆಂಪು ಎಳೆ. ಕೆಳಗೆ ಒಂದು ಸಂಖ್ಯೆ, ಪಕ್ಕದಲ್ಲಿ ಒಂದು ಸಾಲು: ಸಂಶೋಧಕಿಗೆ ಸಮುದಾಯವು ಪ್ರೀತಿಯಿಂದ ಕಟ್ಟಿದ ದಾರ.

"ಎಷ್ಟು ಜೋಪಾನ ಮಾಡಿದೀನಿ ನೋಡಿ" ಅಂದರು ಮೇಡಂ.

"ಅದು ಪ್ರೀತಿ ಅಲ್ಲ ಮೇಡಂ. ಸಾಲ. ವಾಪಸ್ಸು ಕೊಡೋವರೆಗೂ ಬಿಚ್ಚಬಾರದಿತ್ತು."

ಮೇಡಂ ಗಡಿಯಾರದ ಕೈಯನ್ನು ಹಿಂದಕ್ಕೆಳೆದುಕೊಂಡರು. "ನಂಗೆ ಯಾರೂ ಹೇಳ್ಲಿಲ್ಲ."

"ಈಗ ಹೇಳಿದ್ನಲ್ಲ."

ಅದಕ್ಕೆ ಮೇಡಂ ಹತ್ತಿರ ಇದ್ದದ್ದು ದಾರಿಗಳು. ಅರ್ಜಿ ಹಾಕಬೇಕು, ಸಮಿತಿ ಸೇರಬೇಕು, ಸಮಿತಿ ಸರ್ಕಾರಕ್ಕೆ ಬರೆಯಬೇಕು, ಹೊರದೇಶದ ಒಂದು ಪ್ರದರ್ಶನಕ್ಕೆ ಈಗಾಗಲೇ ಮಾತಾಗಿದೆ, ಅದಾದ ಮೇಲೆ. ಅವರು ಒಂದೊಂದನ್ನೂ ಸಮಾಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಹೆಣ ಸಮಿತಿಗೆ ಕಾಯುತ್ತಾ?" ಅಂದಳು ಇಸ್ತ್ರಿಯಕ್ಕ. "ಚಾದರ ಮಾಡಿ ಮಾರೋವಾಗ ಸಮಿತಿ ಸೇರಿತ್ತಾ?"

"ಸೇರಿತ್ತು" ಅಂದರು ಮೇಡಂ, ಸಣ್ಣ ದನಿಯಲ್ಲಿ. "ಆ ವಿನ್ಯಾಸದ ಹಕ್ಕು ಈಗ ಕಂಪನಿ ಹತ್ತಿರ ಇದೆ. ಬೇರೆ ಯಾರೂ ಮಾಡಿ ಮಾರೋ ಹಾಗಿಲ್ಲ. ಆದ್ರೆ ನಿಮ್ಮ ಸ್ವಂತಕ್ಕೆ ನೇಯ್ಕೊಳ್ಳೋಕೆ ಏನೂ ಅಡ್ಡಿ ಇಲ್ಲ, ಅದನ್ನ ನಾನೇ ಜಗಳ ಆಡಿ ಸೇರಿಸಿದೀನಿ."

ಸತ್ತವರಿಗೆ ಬಟ್ಟೆ ನೇಯಲು ಅಪ್ಪಣೆ ಸಿಕ್ಕಿತ್ತು. ಇಸ್ತ್ರಿಯಕ್ಕನಿಗೆ ನಗು ಬಂತು. ಅವಳ ಜನ್ಮದಲ್ಲಿ ಅಷ್ಟು ಕೆಟ್ಟ ನಗು ಅವಳ ಬಾಯಿಂದ ಬಂದಿರಲಿಲ್ಲ.

ಮೇಡಂ ಯಾರಿಗೋ ಸನ್ನೆ ಮಾಡಿದರು. ಒಬ್ಬ ಹುಡುಗಿ ಅಂಗಡಿಯಿಂದ ಒಂದು ಪೊಟ್ಟಣ ತಂದಳು. ತೆಳು ಕಾಗದದೊಳಗೆ ಮೊಳದಷ್ಟು ಬಟ್ಟೆ. ಬಿಳಿ, ಮೇಲೆ ಕೆಂಪು ಗೆರೆ. "ಇದು ತದ್ರೂಪು. ಎಳೆ ಎಳೆಯೂ ಹಾಗೇ ಇದೆ. ಇದನ್ನ ಅವ್ವನ ಜೊತೆ ಇಡಿ. ನನ್ನ ಕಡೆಯಿಂದ."

"ಸತ್ತವನಿಗೆ ಜೆರಾಕ್ಸ್ ಇರುತ್ತಾ ಮೇಡಂ?"

ಪೊಟ್ಟಣ ಮುಟ್ಟಲಿಲ್ಲ. ತಿರುಗಿ, ಗಾಜಿನ ಮೇಲೆ ಎರಡೂ ಅಂಗೈ ಇಟ್ಟಳು. ಅತ್ತ ಕಡೆ ತಮ್ಮ, ಇತ್ತ ಕಡೆ ಅಕ್ಕ, ನಡುವೆ ಬೆರಳು ದಪ್ಪದ ಗಾಜು. "ಏ ಕುಳ್ಳ" ಅಂದಳು. "ಬಾರೋ ಮನೆಗೆ. ಅವ್ವ ಹೊರಟಿದಾಳೆ ಕಣೋ." ಎಲ್ಲೋ ಗಂಟೆ ಬಡಿದುಕೊಳ್ಳತೊಡಗಿತು. ವಾಚ್‌ಮನ್ ಬಂದು ತೋಳು ಹಿಡಿದ. ಅವಳು ಗಾಜು ಬಿಡಲಿಲ್ಲ. ಇನ್ನೊಬ್ಬ ಬಂದ. ಇಬ್ಬರೂ ಸೇರಿ ಎಳೆದರು. ಸುಟ್ಟ ಗಾಯದ ಮೇಲೆ ಹಿಡಿದದ್ದರಿಂದ ಚರ್ಮ ಕಿತ್ತು ಬಂತು. ಬಾಗಿಲಲ್ಲಿ ತಿರುಗಿ ನೋಡಿದಾಗ ಒಬ್ಬ ಹೆಂಗಸು ಗಾಜಿಗೆ ನೀರು ಚಿಮುಕಿಸಿ ಅವಳ ಅಂಗೈ ಗುರುತು ಒರೆಸುತ್ತಿದ್ದಳು. ಅವಳದ್ದೂ ಕೂಲಿಯೇ, ಅವಳನ್ನು ಅಂದು ಏನು?

ಮನೆಗೆ ಬಂದಾಗ ಹಾಸು ಕಟ್ಟಿ ಆಗಿತ್ತು. ಗಲ್ಲಿಯ ಹೆಂಗಸರು ಗೆರೆ ಶುರುವಾಗುವ ಮುಂಚಿನ ಬಿಳಿ ಅಂಚನ್ನು ಸರದಿಯ ಮೇಲೆ ನೇಯುತ್ತಿದ್ದರು. ದೊಡ್ಡವ್ವ ಇವಳ ಕೈ ನೋಡಿದಳು. ಖಾಲಿ. ಎದ್ದು, ಹೆಣದ ತಲೆಯ ಹತ್ತಿರ ಹೋಗಿ ಬಗ್ಗಿ, ತಂಗಿಯ ಕಿವಿಯಲ್ಲಿ ಏನೋ ಹೇಳಿ ಬಂದಳು. ಕ್ಷಮೆ ಕೇಳಿದಳೋ, ದಾರಿ ಹೇಳಿದಳೋ, ಯಾರಿಗೂ ಕೇಳಿಸಲಿಲ್ಲ.

"ಬಾ, ಕೂರು. ಗೆರೆ ನೀನೇ ಹಾಕ್ಬೇಕು" ಅಂದಳು.

ಇಸ್ತ್ರಿಯಕ್ಕ ಸೊಂಟಕ್ಕೆ ಮಗ್ಗದ ಪಟ್ಟಿ ಕಟ್ಟಿಕೊಂಡಳು. ಕಾಲು ಚಾಚಿ, ಬೆನ್ನು ಹಿಂದಕ್ಕೆ ಒತ್ತಿ ಹಾಸನ್ನು ಬಿಗಿ ಹಿಡಿದಳು. ದಿನವಿಡೀ ನಿಂತು ಕೆಟ್ಟ ಸೊಂಟ ಅದು. ಒಂದೊಂದು ಎಳೆ ಬಡಿದಾಗಲೂ ಬೆನ್ನುಮೂಳೆಯಲ್ಲಿ ನೋವು ಸರಿದಾಡಿತು. ತೋಳಿನ ಗಾಯ ಒಸರಿ ಬಟ್ಟೆಗೆ ತಾಗದ ಹಾಗೆ ಯಾರೋ ಚಿಂದಿ ಸುತ್ತಿದರು. ಅವ್ವನ ಗೆರೆ ಹೇಗಿರಬೇಕು? ಅವ್ವ ಬೆಟ್ಟದಲ್ಲಿ ನೆಟ್ಟಗೆ ನಡೆದವಳು. ಅಷ್ಟು ದೂರ ನೆಟ್ಟಗೆ ಹಾಕಿದಳು. ಬೆಟ್ಟದಿಂದ ಇಳಿದ ಕಡೆ ಗೆರೆ ಇಳಿಯಿತು. ಕುಳ್ಳ ಸತ್ತ ಕಡೆ ಗೆರೆ ನಿಂತಲ್ಲೇ ಸುತ್ತಿತು. ಅಲ್ಲಿಂದಾಚೆ ಅವ್ವ ನಡೆದದ್ದೆಲ್ಲ ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ. ಯಾರಾದರೂ ಬಂದರಾ ಅಂತ. ಗೆರೆಯೂ ಹೋಯಿತು, ಬಂತು. ಹೋಯಿತು, ಬಂತು. ಉಳಿದ ಬಟ್ಟೆಯೆಲ್ಲ ಅದೇ ಆಯಿತು. ನೋಡುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಮುಖ ಆಚೆ ತಿರುಗಿಸಿದರು.

ಮಾರನೆಯ ದಿನ ಗುಂಡಿ ತೋಡಿ ಹೆಣ ಇಳಿಸಿದ್ದರು. ಕಾರು ಬಂತು.

ಮೇಡಂ ಇಳಿದರು, ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ. ಅವನಿಗೆ ದೂರ ನಿಲ್ಲಲು ಹೇಳಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬಂದರು. ಗುಂಡಿಯ ಅಂಚಿನಲ್ಲಿ ತಲೆ ತಗ್ಗಿಸಿ ನಿಂತರು. ಆಮೇಲೆ ಇಸ್ತ್ರಿಯಕ್ಕನ ಕೈಯಲ್ಲಿದ್ದ ಬಟ್ಟೆ ನೋಡಿದರು. ನೋಡುತ್ತಲೇ ಉಳಿದರು. ಅಷ್ಟು ದೊಡ್ಡ ಓದು ಓದಿದವರು, ಗೆರೆ ಓದಲು ಅವರಿಗೂ ಬರುತ್ತಿತ್ತು. ಬಾಗಿಲಿಗೆ ಹೋಗಿ ಬರುವ ಆ ಗೆರೆಯಲ್ಲಿ ಕಾದದ್ದು ಯಾರಿಗೆ ಅಂತಲೂ ಗೊತ್ತಾಗಿರಬೇಕು.

"ನಿನ್ನೆ ನಿದ್ದೆ ಬರ್ಲಿಲ್ಲ ನಂಗೆ" ಅಂದರು. "ಒಂದು ದಾರಿ ತೋಚ್ತು. ಕುಳ್ಳನದ್ದನ್ನ ಹೊರಗೆ ತರೋಕೆ ನನ್ನ ಕೈಲಿ ಆಗಲ್ಲ. ಆದ್ರೆ ಅವ್ವಂದು ಒಳಗೆ ತರಬಹುದು. ಇದರ ಮನೆಯರ್ಧ ನಂಗೆ ಕೊಡಿ. ಒಂದೇ ಗಾಜಿನೊಳಗೆ, ಅಕ್ಕಪಕ್ಕ ಇಡ್ತೀನಿ. ತಾಯಿ ಮಗ ಅಲ್ಲಾದ್ರೂ ಜೊತೆಗಿರ್ತಾರೆ."

ಗಾಳಿ ಬೀಸಿತು.

ಸುಳ್ಳೇಕೆ, ಆ ಮಾತಿಗೆ ಇಸ್ತ್ರಿಯಕ್ಕನ ಎದೆ ಕರಗಿತು. ಅಕ್ಕಪಕ್ಕ. ಅವ್ವ, ಕುಳ್ಳ. ಇಷ್ಟು ವರ್ಷ ಕಾದ ಮೇಲೆ ಅಷ್ಟಾದರೂ ಸಿಗಲಿ ಅನ್ನಿಸಿತು. ಕೈಯಲ್ಲಿದ್ದ ಬಟ್ಟೆ ತಾನೇ ಮೇಡಂ ಕಡೆಗೆ ಚೂರು ಮುಂದೆ ಹೋಯಿತು. ಅವ್ವನೂ ಹೀಗೇ ಕೊಟ್ಟಿರಬೇಕು. ಯಾರೂ ಕಿತ್ತುಕೊಂಡಿರಲಿಲ್ಲ. ಎದೆ ಕರಗಿತ್ತು, ಕೈ ಮುಂದೆ ಹೋಗಿತ್ತು, ಅಷ್ಟೇ. ಇವತ್ತು ಕೊಡದಿದ್ದರೆ ನಾಳೆ ಬರುತ್ತಾರೆ. ನಾಡಿದ್ದು ಬರುತ್ತಾರೆ. ನೆಲದ ಮೇಲೆ ಕೂರುತ್ತಾರೆ, ಅಳುತ್ತಾರೆ. ಮನೆಯಲ್ಲೊಂದು ಅರ್ಧ ಇರುವವರೆಗೂ ಬರುತ್ತಲೇ ಇರುತ್ತಾರೆ. ತಾನು ಸತ್ತ ದಿನ ಅದನ್ನು ತನ್ನ ಎದೆಯ ಮೇಲಿಡಲು ಮಕ್ಕಳಿಲ್ಲ, ಮರಿಯಿಲ್ಲ. ಅವತ್ತು ಬಾಗಿಲಿಗೆ ಬರುವುದೂ ಇದೇ ಕಾರು. ಆಮೇಲೆ ಅವ್ವ ಬಾಗಿಲಿಗೆ ಹೋಗಿ ಬಂದದ್ದೆಲ್ಲ ಯಾರದೋ ಮಂಚದ ಮೇಲೆ ಚಾದರ.

ದೊಡ್ಡವ್ವ ಕತ್ತಿ ಚಾಚಿದಳು. "ಹೊತ್ತಾಯ್ತು ಮಗಳೇ. ಕತ್ತರಿಸು."

ಇಸ್ತ್ರಿಯಕ್ಕ ಕತ್ತಿ ತಗೊಳ್ಳಲಿಲ್ಲ.

"ಕತ್ತರಿಸಲ್ಲ."

"ಏನಂದೆ?"

"ಕತ್ತರಿಸಲ್ಲ ದೊಡ್ಡವ್ವ. ಪೂರ್ತಿ ಅವಳ ಜೊತೆಗೇ ಹೋಗ್ಲಿ. ನನ್ನ ಹತ್ರ ಅರ್ಧ ಇರೋದು ಬೇಡ. ಇದ್ರೆ ಇವರು ಬಿಡಲ್ಲ. ಇವರು ಬಿಟ್ರೂ ನಾನೇ ಒಂದಿನ ಕೊಟ್ಬಿಡ್ತೀನಿ."

ಮೇಡಂ ಒಂದು ಹೆಜ್ಜೆ ಮುಂದೆ ಬಂದರು. "ಹಾಗೆ ಮಾಡ್ಬೇಡಿ. ನಿಮ್ಮ ಪದ್ಧತಿಯಲ್ಲೇ ಅದಿಲ್ಲ. ಅರ್ಧ ಉಳೀಲೇಬೇಕು."

"ನಮ್ಮ ಪದ್ಧತಿ ನಂಗೆ ಹೇಳಿಕೊಡ್ಬೇಡಿ" ಅಂದಳು. ಕೂಗಲಿಲ್ಲ. ಕೂಗಲು ಉಸಿರಿರಲಿಲ್ಲ. "ಕುಳ್ಳ ನಿಮ್ಮ ಹತ್ರ ಇದಾನೆ. ಬೆಟ್ಟ ನಿಮ್ಮವರ ಹತ್ರ ಇದೆ. ಅವ್ವನ್ನ ಕೊಡಲ್ಲ."

ದೊಡ್ಡವ್ವ ಕತ್ತಿ ಹಿಡಿದೇ ನಿಂತಿದ್ದಳು. "ನೀನು ಹೋದಾಗ? ನಿನ್ನ ಕೈಲಿ ಏನೂ ಇಲ್ದೆ ಹೋದ್ರೆ ನಿಮ್ಮವ್ವ ನಿನ್ನ ಹೇಗೆ ಗುರುತು ಹಿಡೀತಾಳೆ ಕೂಸೇ?"

"ಹಿಡಿಯಲ್ಲ."

ಅವಳು ಗುಂಡಿಗಿಳಿದಳು. ಬಟ್ಟೆಯನ್ನು ಅವ್ವನ ಎದೆಯ ಮೇಲೆ ಹಾಸಿದಳು, ಪೂರ್ತಿ, ಗಂಟಲಿನಿಂದ ಪಾದದವರೆಗೆ. ಸುಕ್ಕು ಬಿದ್ದಲ್ಲಿ ಅಂಗೈ ಒತ್ತಿ ನೀವಿದಳು. ಬದುಕಿಡೀ ಮಾಡಿದ ಕೆಲಸ, ಕೈ ತಾನೇ ಮಾಡಿತು. ಅವ್ವನ ಕೆನ್ನೆಗೆ ಕೆನ್ನೆ ಇಟ್ಟು, ಅಲ್ಲಿ ಅವಳಿಗೆ ಮಗನೂ ಸಿಗುವುದಿಲ್ಲ, ಮುಂದೊಂದು ದಿನ ಮಗಳೂ ಸಿಗುವುದಿಲ್ಲ ಅನ್ನುವುದನ್ನು ಬಾಯಿಬಿಟ್ಟೇ ಹೇಳಿದಳು. ಇನ್ನು ಮುಂದೆ ಅವ್ವನ ಹತ್ತಿರ ಸುಳ್ಳು ಹೇಳುವುದು ಸಾಕಾಗಿತ್ತು. ಮೇಲೆ ಬಂದು ಮೊದಲ ಹಿಡಿ ಮಣ್ಣು ತಾನೇ ಹಾಕಿದಳು.

ಗಂಡಸರು ಸನಿಕೆ ಎತ್ತಿದರು. ಬಿಳಿ ಮುಚ್ಚಿತು. ಕೆಂಪು ಮುಚ್ಚಿತು. ಮೇಡಂ ಬರಿಗಾಲಲ್ಲೇ ಕಾರಿನವರೆಗೆ ಹೋಗಿ, ಅಲ್ಲಿ ನಿಂತು, ಒಳಗೆ ಕೂತರು.

ಆಗ ದೊಡ್ಡವ್ವ ಕತ್ತಿ ಬಿಸಾಡಿ, ಎದೆ ಬಡಿದುಕೊಂಡು ಅಳಲು ಶುರು ಮಾಡಿದಳು. ಸತ್ತವರಿಗೆ ಅಳುವ ಅಳು ಅದು, ಹೆಸರು ಹಿಡಿದು ಕರೆಯುವ ಅಳು. ಉಳಿದ ಹೆಂಗಸರೂ ದನಿಗೂಡಿಸಿದರು. ಆದರೆ ದೊಡ್ಡವ್ವ ಗುಂಡಿಯ ಕಡೆ ನೋಡುತ್ತಿರಲಿಲ್ಲ. ಅವಳು ಕರೆಯುತ್ತಿದ್ದದ್ದು ಮಣ್ಣಿನಡಿ ಇದ್ದ ತಂಗಿಯನ್ನಲ್ಲ, ಎದುರಿಗೆ ಬರಿಗೈಯಲ್ಲಿ ನಿಂತಿದ್ದ ಮಗಳನ್ನು.